ಒಂದೂವರೆ ಇಂಚು ಗಿಡ್ಡ

ಹೋದ ವಾರ ಮರ್ಫಿ ಊರಿನ ನಮ್ಮ ಮನೆಯ ಗರಾಜಿನಲ್ಲಿ ಮಗಳು ತನ್ನ ಹೊಸ ಕ್ರಿಕೆಟ್ ಬ್ಯಾಟಿಗೆ ಅಗಸೆ ಎಣ್ಣೆ ಸವರುತ್ತಿದ್ದಳು. ಡ್ರೈಯರಿನಿಂದ ಬಟ್ಟೆ ತೆಗೆಯುತ್ತಿದ್ದ ನನಗೆ ಆ ವಾಸನೆ ಬಂದದ್ದೇ ತಡ, ಮಡಚುತ್ತಿದ್ದ ಟವೆಲ್ ಕೈಯಲ್ಲೇ ಉಳಿಯಿತು. ಸ್ವಲ್ಪ ಹಸಿ ಕಡಲೆಕಾಯಿಯದು, ಸ್ವಲ್ಪ ಆಗತಾನೇ ಮುಚ್ಚಳ ತೆಗೆದ ಬಣ್ಣದ ಡಬ್ಬಿಯದು. ನಿಮಗೂ ಇಂಥದೊಂದು ವಾಸನೆ ಇದ್ದೀತು. ಈಗಿಲ್ಲದ ಮನೆಯೊಂದರ ಬಾಗಿಲು ತೆಗೆದು, ಒಳಗೆ ಮಾತ್ರ ಬಿಡದೆ ಹೊಸ್ತಿಲಲ್ಲೇ ನಿಲ್ಲಿಸಿಬಿಡುವಂಥದ್ದು. ನನಗೆ ಅದು ಹೂಸ್ಟನ್ನಿನ ಪಕ್ಕದ ಕೇಟಿ ಊರಿನಲ್ಲಿದ್ದ ನಮ್ಮ ಹಳೆಯ ಮನೆ. ಅಲ್ಲಿಯ ಗರಾಜಿನಲ್ಲಿ ಸ್ಟೂಲಿನ ಮೇಲೆ ಕೂತು, ಹಳೆಯ ಬನಿಯನ್ ತುಂಡಿನಿಂದ ಕೋವಿಯ ಮರಕ್ಕೆ ಎಣ್ಣೆ ತಿಕ್ಕುತ್ತಿದ್ದ ಅಪ್ಪ.

ಅಪ್ಪ ಕೊಡಗಿನವನು, ಅಮ್ಮ ಮೈಸೂರಿನವಳು. ಹಾಗಾಗಿ ಮನೆಯಲ್ಲಿ ಕನ್ನಡ. ತೊಂಬತ್ತರ ದಶಕದ ಕೊನೆಗೆ ಅಪ್ಪನಿಗೆ ಹೂಸ್ಟನ್ನಿನ ತೈಲ ಕಂಪನಿಯಲ್ಲಿ ಕೆಲಸವಾದಾಗ ನನಗೆ ಹತ್ತು ವರ್ಷ. ಮಡಿಕೇರಿಯ ಕಾನ್ವೆಂಟಿನಿಂದ ನಾನು ತಂದದ್ದು ಸಿಸ್ಟರ್ ಕಲಿಸಿದ ದುಂಡಗಿನ ಅಕ್ಷರ ಮತ್ತು ಹೊಲಿಗೆ. ಅಪ್ಪ ಇಲ್ಲಿಗೆ ಬಂದ ಮೊದಲ ವರ್ಷವೇ ಒಂದು ಹಳೆಯ ರೈಫಲ್ ಕೊಂಡ. ಅದರ ಹಿಡಿ, ಅಂದರೆ ಭುಜಕ್ಕೆ ಆನಿಸುವ ಮರದ ಭಾಗ, ಅಕ್ರೋಟು ಮರದ್ದು. ಜೇನಿನ ಬಣ್ಣ, ಮುಟ್ಟಿದರೆ ಬೆಚ್ಚಗೆ. ಕೋವಿಯಿಲ್ಲದ ಮನೆ ಅಪ್ಪನಿಗೆ ಮನೆಯೇ ಅಲ್ಲ. "ನಮ್ಮಲ್ಲಿ ಗಂಡು ಹುಟ್ಟಿದ್ರೆ ಒಂದು ಈಡು ಹೊಡೀತಾರೆ, ಸಾವಾದ್ರೆ ಎರಡು. ನೀನು ಹುಟ್ಟಿದಾಗಲೂ ನಾನು ಒಂದು ಹೊಡೆದೆ. ಅಜ್ಜ ಬೈದ್ರು, ಬೈಯ್ಲಿ" ಎಂದು ನಗುತ್ತಿದ್ದ. ನವೆಂಬರಿನಲ್ಲಿ ಪಕ್ಕದ ಮನೆಯ ಡ್ವೇನ್ ಅಂಕಲ್ ಜೊತೆ ಆಸ್ಟಿನ್ನಿನ ಆಚೆ, ಅವರು ಗುತ್ತಿಗೆ ಹಿಡಿದಿದ್ದ ಕುರುಚಲು ಗುಡ್ಡಗಳಲ್ಲಿ ಜಿಂಕೆ ಬೇಟೆಗೆ ಹೋಗುತ್ತಿದ್ದ. ನಾನೂ ಎರಡು ವರ್ಷ ಅಪ್ಪನ ಪಕ್ಕ ಮರೆಯಲ್ಲಿ ಉಸಿರು ಬಿಗಿಹಿಡಿದು ಕೂತಿದ್ದೆ. ಕೋವಿ ಎತ್ತುವಷ್ಟು ಶಕ್ತಿ ನನಗಿರಲಿಲ್ಲ. "ಮುಂದಿನ ವರ್ಷ, ಕುಂಞಿ" ಎನ್ನುತ್ತಿದ್ದ. ಕೊಡವರ ಮಾತಿನಲ್ಲಿ ಮಗುವಿಗೆ ಹಾಗೆನ್ನುತ್ತಾರೆ.

ನನಗೆ ಹದಿನಾಲ್ಕಾದ ವರ್ಷ ಅಪ್ಪನ ಶ್ವಾಸಕೋಶದಲ್ಲಿ ಗಡ್ಡೆ ಕಂಡಿತು. ಔಷಧಿ ಹಾಕಲು ಬಲಗಡೆ ಕೊರಳೆಲುಬಿನ ಕೆಳಗೆ, ಚರ್ಮದೊಳಗೆ ಒಂದು ಗುಂಡಿಯಂಥದ್ದನ್ನು ಕೂಡಿಸಿದರು. ಬೇಸಿಗೆಯ ಹೊತ್ತಿಗೆ ಕೋವಿ ಎತ್ತಿದರೆ ಅಪ್ಪನ ಕೈ ನಡುಗುತ್ತಿತ್ತು. ಆಗ ಶುರುವಾಯಿತು ನೋಡಿ, ಹಗುರವಾದ ಹಿಡಿಯ ಹುಡುಕಾಟ. ಅಡುಗೆಮನೆಯ ಮೇಜಿನ ತುಂಬ ಕ್ಯಾಟಲಾಗು. ಮರದ ಹಿಡಿಯನ್ನು ಬಿಚ್ಚಿ ಅಮ್ಮನ ತೂಕದ ಯಂತ್ರದ ಮೇಲಿಟ್ಟ.

"ರೀ, ಅಕ್ಕಿಹಿಟ್ಟು ತೂಗೋದ್ರೀ ಅದು. ಕೋವಿ ಕಾಲು ಇಡೋಕಲ್ಲ."

"ಕಾಲಲ್ಲ ಕಣೇ, ಅದು ಭುಜ."

ಅಮ್ಮ ನಗಲಿಲ್ಲ. ನವೆಂಬರಿನ ಮಾತು ಅಪ್ಪ ಎತ್ತಿದಾಗಲೆಲ್ಲ ಅವಳು ನಲ್ಲಿ ಜೋರಾಗಿ ಬಿಡುತ್ತಿದ್ದಳು. ಅಪ್ಪನಿಗೆ ಇನ್ನೊಂದು ಬೇಟೆಯ ಕಾಲ ಸಿಕ್ಕೀತೇ ಎಂಬುದೊಂದೇ ಆಗ ಮನೆಯ ತುಂಬ ಇದ್ದ ಪ್ರಶ್ನೆ. ಅದನ್ನು ಬಾಯಿಬಿಟ್ಟು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಒಂದು ಮಧ್ಯಾಹ್ನ ಅಪ್ಪ ನನ್ನ ಹೊಲಿಗೆ ಡಬ್ಬಿಯಿಂದ ಟೇಪು ತೆಗೆದು, "ಕೈ ಮಡಚು" ಎಂದು ನನ್ನ ಮೊಣಕೈ ಮಡಿಕೆಯಿಂದ ತೋರುಬೆರಳಿನವರೆಗೆ ಅಳೆದ. ಸ್ವೆಟರಿಗೇನೋ ಅಂದುಕೊಂಡೆ. ತೋಳಿನ ಅಳತೆ ಹೆಗಲಿನಿಂದ ಹಿಡಿಯಬೇಕೆಂದು ಸಿಸ್ಟರ್ ಕಲಿಸಿದ್ದರು; ಅಪ್ಪ ತಪ್ಪು ಹಿಡಿಯುತ್ತಿದ್ದಾನೆ ಅನಿಸಿತು. ಕೇಳಲಿಲ್ಲ. ಟೀವಿಯಲ್ಲಿ ಏನೋ ಬರುತ್ತಿತ್ತು.

ಹೂಸ್ಟನ್ನಿನ ಕೋವಿ ಅಂಗಡಿಗೆ ನನ್ನನ್ನೂ ಕರೆದುಕೊಂಡು ಹೋದ. ಅಂಗಡಿಯ ಮುದುಕ ಫೈಬರಿನ ಬೂದು ಹಿಡಿಯೊಂದನ್ನು ಕೌಂಟರಿನ ಮೇಲಿಟ್ಟು, "ಇದು ಹೊರೋದಕ್ಕೆ ಸುಲಭ, ಸರ್. ಆದ್ರೆ ಕೋವಿ ಹಗುರ ಆದಷ್ಟೂ ಭುಜಕ್ಕೆ ಒದೆತ ಜಾಸ್ತಿ" ಎಂದ. ಅವನ ಕಣ್ಣು ಅಪ್ಪನ ಅಂಗಿಯೊಳಗಿನ ಉಬ್ಬಿನ ಮೇಲೆ ಹೋಗಿ ಬಂತು. ಹಾಗಾದರೆ ಗುಂಡೂ ಹಗುರವಾಗಿರಲಿ ಎಂದ ಅಪ್ಪ. ತೀರ ಹಗುರವೂ ಕೂಡದು, ಜಿಂಕೆ ಗಾಯವಾಗಿ ಓಡಿಹೋಗಬಾರದು. ಬಡಿದ ಕೂಡಲೇ ಗುಂಡಿನ ಮೂತಿ ಅರಳುವಂಥದ್ದೇ ಬೇಕು, ಸುಮ್ಮನೆ ತೂತು ಮಾಡಿ ಆಚೆ ಹೋಗುವಂಥದ್ದು ಬೇಡ. ಒಂದೊಂದೇ ಡಬ್ಬಿ ತೆಗೆಸಿ, ಕನ್ನಡಕ ಹಣೆಗೇರಿಸಿ ಓದಿದ. ಯಾಕಪ್ಪಾ ಇಷ್ಟು ಹೊತ್ತು ಎಂದು ನಾನು ಗೊಣಗಿದ್ದಕ್ಕೆ ಕನ್ನಡದಲ್ಲಿ ಮೆಲ್ಲಗೆ, "ಒಂದೇ ಏಟಿಗೆ ಹೋಗ್ಬೇಕು ಕುಂಞಿ. ಯಾವ ಜೀವಾನೂ ನರಳಬಾರ್ದು" ಎಂದ. ಆಮೇಲೆ ಜೇಬಿನಿಂದ ಚೀಟಿಯೊಂದನ್ನು ಮುದುಕನ ಕೈಗಿತ್ತ. ಮುದುಕ ಅದನ್ನು ನೋಡಿ, ನನ್ನನ್ನು ನೋಡಿ, ತಲೆಯಾಡಿಸಿದ.

ಸೆಪ್ಟೆಂಬರಿನ ಕೈಲ್ ಮುಹೂರ್ತಕ್ಕೆ, ಕೊಡವರು ಆಯುಧಗಳನ್ನು ಪೂಜಿಸುವ ಹಬ್ಬಕ್ಕೆ, ಹೊಸ ಹಿಡಿ ಜೋಡಿಸಿದ ಕೋವಿಯನ್ನು ದೇವರ ಮುಂದೆ ಒರಗಿಸಿದೆವು. ಊರಿನ ಕೋವಿ ಹೂ ಇಲ್ಲಿ ಎಲ್ಲಿಂದ ಬರಬೇಕು, ಹಿತ್ತಿಲಿನ ದಾಸವಾಳವನ್ನೇ ನಳಿಗೆಗೆ ಸಿಕ್ಕಿಸಿದೆವು. ಅಮ್ಮ ಗಂಧ ಹಚ್ಚಿದಳು. ಮರವಾಗಿದ್ದರೆ ಹಿಡಿದುಕೊಳ್ಳುತ್ತಿತ್ತು, ಫೈಬರಿನ ಮೇಲೆ ಅದು ಒಣಗಿ, ಚಕ್ಕೆಯಾಗಿ ಉದುರಿತು. ಮತ್ತೆ ಹಚ್ಚಿದಳು. ಮತ್ತೆ ಉದುರಿತು. ಅಪ್ಪ ಕೋವಿಯನ್ನೆತ್ತಿ ಭುಜಕ್ಕೆ ಆನಿಸಿದ. ಹೆಬ್ಬೆರಳು ಹೋಗಿ ಮೂಗಿಗೆ ತಾಗಿತು. ಹಿಡಿ ಒಂದೂವರೆ ಇಂಚು ಗಿಡ್ಡ.

"ಅಳತೆ ತಪ್ಪಿಸ್ಕೊಂಡು ಬಂದಿದೀರಲ್ರೀ. ಇಂಜಿನಿಯರ್ ಬೇರೆ!" ಎಂದ ಅಮ್ಮನ ದನಿ ಅರ್ಧಕ್ಕೆ ಒಡೆಯಿತು. ಔಷಧಿ ತಲೆಗೂ ಏರಿತೆಂದು ಅವಳು ಹೆದರಿದ್ದಳು. ನಾನೂ ಹೆದರಿದ್ದೆ.

"ಹೌದು, ತಪ್ಪೋಯ್ತು" ಎಂದು ಅಪ್ಪ ಕೋವಿಯನ್ನು ನನ್ನತ್ತ ಚಾಚಿದ. "ಕುಂಞಿ, ನೀನೊಂದ್ಸಲ ಹಿಡಿದು ನೋಡು."

"ಈಗ ಬೇಡಪ್ಪಾ, ಹೋಂವರ್ಕ್ ಇದೆ. ನಾಳೆ."

ಹೋಂವರ್ಕ್ ಇರಲಿಲ್ಲ. ಅಪ್ಪನ ಸಣಕಲು ಮಣಿಕಟ್ಟನ್ನೂ ವಾಸನೆಯೇ ಇಲ್ಲದ ಆ ಬೂದು ವಸ್ತುವನ್ನೂ ಒಟ್ಟಿಗೆ ನೋಡಲು ನನ್ನಿಂದ ಆಗುತ್ತಿರಲಿಲ್ಲ. ಆ ತಿಂಗಳು ಅಪ್ಪ ಇನ್ನೂ ಎರಡು ಸಲ ಕೇಳಿದ. ಎರಡು ಸಲವೂ ನಾಳೆ ಎಂದೆ. "ಆಯ್ತು, ನಾಳೆ" ಎನ್ನುತ್ತಿದ್ದ, ಅಂಗಡಿಯಲ್ಲಿ ಸಾಮಾನು ಇಲ್ಲವೆಂದಾಗ ಹೇಳುವಷ್ಟು ಸರಳವಾಗಿ.

ಅಕ್ಟೋಬರಿನಲ್ಲಿ ಅಪ್ಪ ಹೋದ. ಅವನು ನರಳಲಿಲ್ಲ ಎಂದು ಬರೆಯಲು ಆಸೆ. ಒಂಬತ್ತು ದಿನ ನರಳಿದ.

ಕೇಟಿಯ ಬೀದಿಯಲ್ಲಿ ಈಡು ಹೊಡೆಯುವಂತಿರಲಿಲ್ಲ. ಎಲ್ಲ ಮುಗಿಸಿದ ಮಾರನೆಯ ದಿನ ಅಮ್ಮ ಡ್ವೇನ್ ಅಂಕಲ್ ಮನೆಯ ಬಾಗಿಲು ತಟ್ಟಿ, ಎರಡು ಈಡಿನ ಸಂಗತಿಯನ್ನು ತನ್ನ ಮುರುಕು ಇಂಗ್ಲಿಷಿನಲ್ಲಿ ವಿವರಿಸಿದಳು. ಅವರು ಟ್ರಕ್ಕಿನ ಕೀಲಿ ತೆಗೆದುಕೊಂಡರು, ಅಷ್ಟೇ. ಮೂರು ಗಂಟೆಯ ದಾರಿ. ಗುಡ್ಡದ ಮೇಲೆ ಒಣ ಹುಲ್ಲು, ಬಿಸಿಲು. "ಇವಳೇ ಹೊಡೀಲಿ. ಇವಳು ಹುಟ್ಟಿದಾಗ ಅವರು ಹೊಡೆದಿದ್ರು" ಎಂದಳು ಅಮ್ಮ.

ಮೊದಲ ಸಲ ನಾನು ಆ ಕೋವಿಯನ್ನು ಎತ್ತಿದೆ. ಅದು ಸಲೀಸಾಗಿ ಮೇಲೆ ಬಂತು. ಹಿಡಿ ಭುಜದ ಗುಳಿಯಲ್ಲಿ ಕೂತಿತು, ಕೆನ್ನೆ ತಾನಾಗಿ ಅದರ ಮೇಲೆ ಒರಗಿತು, ಬೆರಳು ಹುಡುಕದೆ ಟ್ರಿಗರನ್ನು ಮುಟ್ಟಿತು. ಎಲ್ಲೂ ಒಂದು ಎಳೆಯಷ್ಟು ಹೆಚ್ಚಿಲ್ಲ, ಕಡಿಮೆಯಿಲ್ಲ. ಡ್ವೇನ್ ಅಂಕಲ್ ಟೋಪಿ ತೆಗೆದು, "ನಿನ್ನ ಅಳತೆಗೇ ಇದೆಯಲ್ಲ ಮಗು" ಎಂದರು. ಮೊಣಕೈಯಿಂದ ತೋರುಬೆರಳಿಗೆ ಟೇಪು ಹಿಡಿದಿದ್ದ ಆ ಮಧ್ಯಾಹ್ನ ಆಗ ನೆನಪಾಯಿತು. ನವೆಂಬರ್ ತನ್ನದಲ್ಲವೆಂದು ಅಪ್ಪನಿಗೆ ಬೇಸಿಗೆಯಲ್ಲೇ ಗೊತ್ತಿತ್ತು. ಆಕಾಶಕ್ಕೆ ಎರಡು ಈಡು ಹೊಡೆದೆ. ಅಷ್ಟು ಹುಡುಕಿ ಆರಿಸಿದ್ದ ಹಗುರ ಗುಂಡು. ಒದೆಯಲಿಲ್ಲ, ಹೆಗಲನ್ನು ಮೆಲ್ಲಗೆ ತಳ್ಳಿತು, ಹೋಗು ಎನ್ನುವ ಹಾಗೆ.

ಕೇಟಿಯ ಮನೆ ಮಾರಿಹೋಯಿತು. ಅಮ್ಮನೂ ಈಗಿಲ್ಲ. ನಾನು ಬೇಟೆಗೆ ಹೋಗಲೇ ಇಲ್ಲ. ಹೋದ ವಾರ, ಮಗಳು ಆಟಕ್ಕೆ ಹೋದಮೇಲೆ, ಬೀರುವಿನ ಬೀಗ ತೆಗೆದು ಕೋವಿಯನ್ನು ಭುಜಕ್ಕೆ ಆನಿಸಿ ನೋಡಿದೆ. ಹೆಬ್ಬೆರಳು ಮೂಗಿಗೆ ತಾಗಿತು. ಆಮೇಲೆ ನಾನು ಬೆಳೆದಿದ್ದೇನೆ. ಅಪ್ಪ ಅಳೆದಿದ್ದ ಕೈ ನನ್ನ ಹತ್ತಿರ ಇಲ್ಲ. ಅದರ ಉದ್ದ ಈ ಬೂದು ಹಿಡಿಯಲ್ಲಿ ಮಾತ್ರ ಉಳಿದಿದೆ.