ಜೇಬಿನಲ್ಲೊಂದು ಗೇರುಬೀಜ

ನರಿಕೊಂಬಿನ ರಮಾನಾಥ ಶೆಟ್ಟರ ಅಂಗಿಯ ಜೇಬಿನಲ್ಲಿ ಸದಾ ಒಂದು ಗೇರುಬೀಜ ಇರುತ್ತದೆ. ತೂಕ ಹದಿನಾಲ್ಕು ಗ್ರಾಂ. ಮದುವೆಯೂಟದ ಸಾಲಿನಲ್ಲಿ, ಪಾಣೆಮಂಗಳೂರಿನ ಕ್ಷೌರದಂಗಡಿಯಲ್ಲಿ, ಒಮ್ಮೆ ಸಾವಿನ ಮನೆಯಲ್ಲೂ ಅವರು ಅದನ್ನು ತೆಗೆದು ತೋರಿಸಿದ್ದಾರೆ. ಮೂಡುಬಿದಿರೆಯ ಕೃಷಿ ಮೇಳದಲ್ಲಿ ಅದಕ್ಕೆ ಬಹುಮಾನ ಬಂದ ಮೇಲಂತೂ ಒಂದೇ ಹಂಬಲ: ಅಂಗಳದ ಬದಿಯ ಆ ಮರ ತಾಯಿಮರವೆಂದು ದಾಖಲಾಗಬೇಕು, ಅದರ ಕಸಿಗಿಡಗಳು ತಮ್ಮ ಹೆಸರು ಹೊತ್ತು ಊರೂರಿಗೆ ಹೋಗಬೇಕು. ‘ರಮಾನಾಥ–1’ ಎಂಬ ಬೋರ್ಡೂ ತಯಾರಾಗಿತ್ತು.

ಬಾವಿಯ ಹತ್ತಿರ ಇನ್ನೊಂದು ಮರವಿದೆ. ಹೆಂಡತಿ ಕುಸುಮ ಬೆಳ್ತಂಗಡಿಯ ತವರಿನಿಂದ ಬೀಜ ತಂದು ಹಾಕಿದ್ದು. ಬೀಜ ಸಣ್ಣದು. ಹೆಕ್ಕಿ ಹೆಕ್ಕಿ ಬೆನ್ನು ಹಿಡಿಯುತ್ತದೆ ಎಂದು ಆಕೆ ಹೇಳಿದ್ದನ್ನು ಶೆಟ್ಟರು ಮರದ ಮೇಲಿನ ದೂರೆಂದೇ ತಿಳಿದರು. ಸೊಂಟದೆತ್ತರಕ್ಕೆ ಕಡಿದು, ಚಿಗುರಿಗೆ ದೊಡ್ಡ ಬೀಜದ ಕಸಿ ಕಟ್ಟುವುದೆಂದು ಕಾಂಡಕ್ಕೆ ಕೆಂಪು ಬಣ್ಣ ಬಳಿದರು.

ಮಾರ್ಚ್‌ನಲ್ಲಿ ತಳಿ ಆಯ್ಕೆಗೆಂದು ಗೇರು ಸಂಶೋಧನಾ ಕೇಂದ್ರದಿಂದ ಪ್ರಾಪ್ತಿ ಎಂಬ ಯುವ ವಿಜ್ಞಾನಿ ಬಂದರು. ಜೇಬಿನ ಬೀಜವನ್ನು ಹೊಗಳಲಿಲ್ಲ, ಅಂಗಳದ ಮರದ ಗೊಂಚಲುಗಳಲ್ಲಿ ಬೀಜ ಎಣಿಸಿದರು.

“ಗೊಂಚಲಿಗೆ ಎರಡೇ ಉಂಟಲ್ಲ ಅಣ್ಣ?”

“ಎರಡಾದ್ರೆ ಎಂತ ಮೇಡಂ, ಕೈಯಲ್ಲಿ ಹಿಡಿದು ನೋಡಿ!”

ಬಾವಿಯ ಮರದಲ್ಲಿ ಒಂಬತ್ತು ಇದ್ದವು.

“ಬೀಜ ದೊಡ್ಡದಾದ ಹಾಗೆ ಹೆಚ್ಚಾಗಿ ಸಂಖ್ಯೆ ಇಳೀತದೆ, ತಿರುಳಿನ ಪಾಲೂ ಇಳೀತದೆ. ಈ ಗುಣಗಳು ಒಂದಕ್ಕೊಂದು ಗಂಟು ಬಿದ್ದಿರ್ತವೆ,” ಎಂದರು ಪ್ರಾಪ್ತಿ.

“ಅದು ಬೇರೆಯವರ ಮರದಲ್ಲಿ,” ಎಂದರು ಶೆಟ್ಟರು.

ಕುಸುಮ ಒಂದು ಬಾಲ್ದಿ ನೀರು ತಂದಿಟ್ಟರು. ಬಿತ್ತನೆಗೆ ಬೀಜ ಆರಿಸಲು ಆಕೆ ಪ್ರತಿ ವರ್ಷ ಮಾಡುವುದೇ ಇದು: ತಿರುಳು ತುಂಬಿದ್ದು ಮುಳುಗುತ್ತದೆ, ಪೊಳ್ಳು ತೇಲುತ್ತದೆ. ಎರಡೂ ಮರಗಳ ಒಣಬೀಜ ಒಟ್ಟಿಗೆ ಸುರಿದರು. ಸಣ್ಣವು ತಳ ಸೇರಿದವು. ದೊಡ್ಡವು ಮೇಲೆಯೇ ಉಳಿದವು.

“ನಿಮ್ಮದಕ್ಕೆ ಈಜು ಲಾಯ್ಕ ಬರ್ತದೆ ಮಾರಾಯ್ರೆ,” ಎಂದರು ಕುಸುಮ.

ಪ್ರಾಪ್ತಿ ಬಾವಿಯ ಮರದತ್ತ ನಡೆದು ಫಾರ್ಮು ತೆಗೆದರು. “ಇದನ್ನೇ ದಾಖಲಿಸುವ. ಈ ಕೆಂಪು ಬಣ್ಣ ಯಾಕೆ?”

“ಗುರುತಿಗೆ,” ಎಂದರು ಶೆಟ್ಟರು, ಕಣ್ಣು ಮಿಟುಕಿಸದೆ. “ಒಳ್ಳೆಯ ಮರ ಅಂತ.”

“ನೆಟ್ಟವರ ಹೆಸರು?”

ಶೆಟ್ಟರು ಗಂಟಲು ಸರಿಮಾಡಿಕೊಂಡರು. ಅಷ್ಟರಲ್ಲಿ ಹಿಂದಿನಿಂದ ದನಿ ಬಂತು.

“ಕುಸುಮ ಅಂತ ಬರೀರಿ ಮೇಡಂ. ಒಂದು, ಎರಡು ಅಂತೆಲ್ಲ ನಂಬರು ಬೇಡ.”