ನಾನು ಬರೆದ ಸೋಡಚೀಟಿ

ಟಿಕೋಟಾ ಕಡೆ ಗಂಡ ಹೆಂಡತಿ ಬೇರೆಯಾಗುವುದಿದ್ದರೆ ಜನ ಕೋರ್ಟಿಗೆ ಹೋಗುತ್ತಿರಲಿಲ್ಲ, ನನ್ನ ಮನೆಗೆ ಬರುತ್ತಿದ್ದರು. ನಾನು ಮ್ಯಾಟ್ರಿಕ್ ಓದಿದವನು, ಅಕ್ಷರ ದುಂಡಗೆ. ಹಿರಿಯರು ಮಾತು ಮುಗಿಸಿದ ಮೇಲೆ ಬಾಂಡ್ ಪೇಪರಿನಲ್ಲಿ ಸೋಡಚೀಟಿ ಬರೆಯುವ ಕೆಲಸ ನನ್ನದು. ಇಬ್ಬರೂ ಸಹಿ ಹಾಕಿದರೆ ಸಂಬಂಧ ಹರಿಯಿತು ಎಂದೇ ನಾವೆಲ್ಲ ನಂಬಿದ್ದೆವು.

ನನ್ನ ಮಗನದನ್ನೂ ನಾನೇ ಬರೆದೆ. ಸಾರವಾಡದಿಂದ ತಂದ ಸೊಸೆಗೆ ಮಕ್ಕಳಾಗಿರಲಿಲ್ಲ, ಅದೇ ಅವಳ ತಪ್ಪು. 'ಮುಂದೆ ಏನನ್ನೂ ಕೇಳುವುದಿಲ್ಲ' ಎಂಬ ಸಾಲು ಸೇರಿಸಿದ್ದು ನನ್ನ ಜಾಣತನ. ಅವಳು ನನ್ನ ಮಗ ಕಟ್ಟಿದ್ದ ಗುಳದಾಳಿಯನ್ನು ಕೊರಳಿಂದ ಬಿಚ್ಚಿ ತಟ್ಟೆಯಲ್ಲಿಟ್ಟಳು. ನಾನು ಮುಖ ನೋಡದೆ ಪೆನ್ನಿನ ಮುಚ್ಚಳ ಹಾಕಿದೆ.

ಬಬಲೇಶ್ವರದ ನನ್ನ ತಂಗಿ ನನ್ನ ಮಗನಿಗೆ ಎರಡನೆಯ ಹೆಂಡತಿಯಾಗಿ ಮಗಳನ್ನು ಕೊಡಲು ಅಳುಕಿದಳು. "ಹಿರ್ಯಾರ ಮುಂದ ಹರಿದದ್ದೈತಿ ಬೇ. ನಿನ್ನ ಮಗಳು ನನ್ನ ಮನ್ಯಾಗ ರಾಣಿ ಹಂಗ ಇರತಾಳ" ಎಂದು ನಾನೇ ಒಪ್ಪಿಸಿ ಮದುವೆ ಮಾಡಿದೆ.

ತವರಿನಲ್ಲಿ ಸಾಕುತ್ತಿದ್ದ ತಂದೆ ತೀರಿಕೊಂಡ ಮೇಲೆ ಮೊದಲ ಸೊಸೆ ಜೀವನಾಂಶಕ್ಕಾಗಿ ವಿಜಯಪುರದ ಕೋರ್ಟಿಗೆ ಅರ್ಜಿ ಹಾಕಿದಳು. ನನಗೆ ನಗು ಬಂತು. ವಿಚಾರಣೆಯ ದಿನ ಚೀಟಿ ಹಿಡಿದುಕೊಂಡು ಬಸ್ಸಿನಲ್ಲಿ ಹೋದೆ. ತಂಗಿಯ ಮಗಳೂ ಕೂಸನ್ನು ಎತ್ತಿಕೊಂಡು ಮಗನ ಗಾಡಿಯಲ್ಲಿ ಬಂದಳು.

ನ್ಯಾಯಾಧೀಶರು ಅದನ್ನು ಓದಿ, "ಬರೆದವರು ಯಾರು?" ಎಂದರು. ಹೆಮ್ಮೆಯಿಂದ ಎದ್ದು ನಿಂತೆ.

"ಯಜಮಾನರೇ, ನಿಮ್ಮ ಸಮಾಜದಲ್ಲಿ ಈ ಪದ್ಧತಿ ಹಿಂದಿನಿಂದ ಇದೆ ಅನ್ನೋದಕ್ಕೆ ಸಾಕ್ಷಿ ಏನಿದೆ?"

ನಮ್ಮ ವಕೀಲರು ಕಾಗದದ ಕಟ್ಟನ್ನು ಹಿಂದೆ ಮುಂದೆ ತಿರುವಿದರು.

"ಸಾಕ್ಷಿ ಇಲ್ಲ ಅಂದರೆ ಈ ಚೀಟಿ ನಡೆಯೋದಿಲ್ಲ, ಈಕೆ ಇವತ್ತಿಗೂ ನಿಮ್ಮ ಮಗನ ಹೆಂಡತಿ. ಕೇಳೋದಿಲ್ಲ ಅಂತ ಬರೆಸಿಕೊಂಡ ಮಾತ್ರಕ್ಕೆ ಜೀವನಾಂಶದ ಹಕ್ಕು ಹೋಗೋದಿಲ್ಲ."

ಹಿಂದಿನಿಂದ ತಂಗಿಯ ಮಗಳು ನನ್ನ ಅಂಗಿ ಜಗ್ಗಿದಳು.

"ಮಾಮಾ, ಅಕಿ ಹೇಣ್ತಿ ಅಂದ್ರ ನಾ ಯಾರು?"

ನಾನು ಬಾಗಿಲ ಕಡೆ ನಡೆದೆ.

ಹೊರಗೆ ಬೇವಿನ ಗಿಡದ ಕೆಳಗೆ ಮಗ ಗಾಡಿ ಚಾಲೂ ಮಾಡಿ, "ಹತ್ತು, ಹೊತ್ತಾತು" ಎಂದ. ತಂಗಿಯ ಮಗಳು ಹತ್ತಲಿಲ್ಲ. ಕಟ್ಟೆಯ ಮೇಲೆ ಕೂತಿದ್ದ ಮೊದಲ ಸೊಸೆಯ ಹತ್ತಿರ ಹೋದಳು.

"ಅಕ್ಕಾರ, ನಿಮ್ಮ ವಕೀಲ್ರು ನನ್ನ ಮಾತೂ ಕೇಳತಾರೇನ್ರಿ?"

ಆಕೆ ಸೆರಗಿನಿಂದ ಕಟ್ಟೆ ಒರೆಸಿದಳು. "ಕುಂಡ್ರು ಬಾ. ಮೊದ್ಲ ಕೂಸಿಗೆ ನೀರು ಕುಡಸು." ಆಮೇಲೆ ನನ್ನನ್ನು ನೋಡಿ, "ಮಾವಾರ, ನೀವು ಹೋಗ್ರಿ. ಈ ಸಲ ನಾವ ಬರಸ್ತೀವಿ" ಎಂದಳು.

ನಾನೊಬ್ಬನೇ ಬಸ್ಸು ಹತ್ತಿದೆ. ಭೂತನಾಳ, ಕಾಖಂಡಕಿ, ಇನ್ನೂ ಎಷ್ಟೋ ಊರುಗಳಿಗೆ ಅದೇ ದುಂಡಗಿನ ಅಕ್ಷರದಲ್ಲಿ ಬರೆದು ಕೊಟ್ಟಿದ್ದೇನೆ. ಆ ಮನೆಗಳಿಗೆ ಎರಡನೆಯ ಹೆಂಡತಿಯಾಗಿ ಬಂದ ಹೆಣ್ಣುಮಕ್ಕಳಿಗೆ ಚೀಟಿ ನಡೆಯುವುದಿಲ್ಲ ಎಂಬ ಮಾತು ಇನ್ನೂ ತಿಳಿದಿಲ್ಲ. ನಾನೇ ಹೋಗಿ ಹೇಳಬೇಕು. ದಿನಾ ಬೆಳಿಗ್ಗೆ ಚಪ್ಪಲಿ ಮೆಟ್ಟುತ್ತೇನೆ, ಅಂಗಳ ದಾಟಲು ಆಗುತ್ತಿಲ್ಲ.