ಅಕ್ಕನ ಪೈಪು, ತಂಗಿಯ ಟೈಲ್ಸು

ಬೆಳಗಿನ ಆರು ಗಂಟೆ. ಅರ್ಧ ಕಟ್ಟಿದ ಮನೆಯ ಪಕ್ಕದ ಗುಂಡಿಯಲ್ಲಿ ಅಕ್ಕ ಬೋರಲು ಮಲಗಿದ್ದಾರೆ. ಒಂದು ಕಣ್ಣು ಮುಚ್ಚಿದೆ, ಇನ್ನೊಂದು ಪೈಪಿನ ಮೇಲಿಟ್ಟ ರಸಮಟ್ಟದ ಗುಳ್ಳೆಯಲ್ಲಿ ನೆಟ್ಟಿದೆ. ಪೈಪಿನಡಿಯಿಂದ ಒಂದು ಹಿಡಿ ಮರಳು ತೆಗೆಯುತ್ತಾರೆ. ಊಹುಂ, ಅರ್ಧ ಹಿಡಿ ವಾಪಸು ಹಾಕುತ್ತಾರೆ.

"ಮೀಟರಿಗೆ ಎರಡು ಸೆಂಟಿಮೀಟರ್ ಇಳೀಬೇಕು. ಕಮ್ಮಿಯಾದ್ರೆ ಎಲ್ಲ ಅಲ್ಲೇ ಕೂತ್ಕೊಳ್ಳುತ್ತೆ. ತೀರಾ ಜಾಸ್ತಿಯಾದ್ರೆ ನೀರು ಓಡಿಹೋಗಿ ಗಟ್ಟಿ ಹೊಲಸು ಹಿಂದೆ ಉಳಿಯುತ್ತೆ."

ಮನೆಯ ಹೊಲಸನ್ನು ಬೀದಿಯ ದೊಡ್ಡ ಕೊಳವೆಗೆ ಸೇರಿಸುವ ಕೆಲಸ ಇವರದು. ಇಪ್ಪತ್ತೆರಡು ವರ್ಷವಾಯಿತು. ದಿನಕ್ಕೆ ಹನ್ನೆರಡು ಮೀಟರ್ ಪೈಪು, ತಿರುವಿಗೊಂದು ಚೇಂಬರು. ಸಂಜೆ ಮಣ್ಣು ಮುಚ್ಚಿದರೆ ಮುಗಿಯಿತು, ಅಲ್ಲಿ ಯಾರೋ ಕೆಲಸ ಮಾಡಿದ್ದರೆಂಬ ಗುರುತೂ ಇರುವುದಿಲ್ಲ.

ಒಳಗೆ ಬಚ್ಚಲಲ್ಲಿ ತಂಗಿ ಟೈಲ್ಸ್ ಕೂರಿಸುತ್ತಾರೆ. ಇಬ್ಬರಿಗೂ ಕೆಲಸ ಕಲಿಸಿದ್ದು ಅಪ್ಪ. ದೊಡ್ಡವಳಿಗೆ ಗುದ್ದಲಿ ಕೊಟ್ಟರು, ಚಿಕ್ಕವಳಿಗೆ ಕರಣೆ. "ಅವಳ ಕೈ ನಾಜೂಕು ಅಂದ್ರು. ನನ್ನ ಕೈಗೇನಾಗಿತ್ತು?" ಅಕ್ಕನ ದನಿ ಈಗಲೂ ಬಿಸಿಯಾಗುತ್ತದೆ. ಮನೆಗೆ ಬಂದವರೆಲ್ಲ ತಂಗಿಯ ಗೋಡೆ ಸವರಿ ನೋಡುತ್ತಾರೆ, ಫೋಟೋ ಹೊಡೆದುಕೊಳ್ಳುತ್ತಾರೆ. "ಹೊಟ್ಟೆ ಉರಿಯುತ್ತೆ. ಸುಳ್ಳು ಯಾಕೆ ಹೇಳ್ಲಿ?"

ಹೋದ ತಿಂಗಳು ಇಬ್ಬರೂ ಮುಗಿಸಿಕೊಟ್ಟ ಒಂದು ಮನೆಯಲ್ಲಿ ಕಕ್ಕಸು ಕಟ್ಟಿಕೊಂಡಿತು. ಮನೆಯೊಡತಿ ಇಬ್ಬರನ್ನೂ ಕರೆಸಿ, "ನಿಮ್ಮ ಪೈಪೇ ಸರಿಯಿಲ್ಲ" ಎಂದು ಅಕ್ಕನ ಮೇಲೆ ಹರಿಹಾಯ್ದರು. ಅಕ್ಕ ಚೇಂಬರಿನ ಮುಚ್ಚಳ ತೆಗೆದು ಸರಳು ತೂರಿಸಿದರು. ಅರ್ಧ ಗಂಟೆಯ ಮೇಲೆ ಕಲ್ಲಿನಂತೆ ಗಟ್ಟಿಯಾದ ಬಿಳಿ ಸಿಮೆಂಟಿನ ಉಂಡೆ ಹೊರಬಂತು. ತಂಗಿ ಸಿಮೆಂಟು ಕಲಸಿದ ಬಕೆಟ್ ತೊಳೆದ ನೀರನ್ನು ಕಕ್ಕಸಿಗೇ ಸುರಿದಿದ್ದರು.

"ಅವಳ ಮುಖ ಬಿಳಿಚ್ಕೊಳ್ತು. ಮುಚ್ಚಿಡಬಹುದಿತ್ತು, ಒಡಹುಟ್ಟಿದೋಳು. ನಾನು ಮುಚ್ಚಿಡ್ಲಿಲ್ಲ. 'ಇದು ಟೈಲ್ಸಿನ ಸಿಮೆಂಟು, ಅಮ್ಮಾ' ಅಂತ ಜೋರಾಗೇ ಹೇಳ್ದೆ. ಖುಷಿಯಾಯ್ತು, ಒಂದೇ ನಿಮಿಷ."

ಆಮೇಲೆ?

"ಆ ತಾಯಿ ಉಂಡೆ ನೋಡಿ, 'ಓ ಹೌದಾ? ಟೈಲ್ಸ್ ಮಾತ್ರ ಎಷ್ಟು ಚೆಂದ ಕೂತಿದೆ!' ಅಂದ್ರು."

ಹೇಳುತ್ತ ಅಕ್ಕ ತಾವೇ ನಕ್ಕುಬಿಡುತ್ತಾರೆ. ತಂಗಿ ಮೂರು ದಿನ ಮಾತು ಬಿಟ್ಟರು. ನಾಲ್ಕನೆಯ ದಿನ ಬಕೆಟ್ಟನ್ನು ಅಂಗಳದಾಚೆ ಒಯ್ದು ತೊಳೆದು, ಬರುವಾಗ ಗುಂಡಿಯ ಅಂಚಿನಲ್ಲಿ ನಿಂತು, "ಅಕ್ಕಾ, ಪೈಪು ಗೀಟು ಎಳೆದ ಹಾಗಿದೆ ಕಣೇ" ಎಂದರಂತೆ.

ಅಷ್ಟು ಸಾಕಲ್ಲವೇ ಎಂದರೆ ಅಕ್ಕ ಇಲ್ಲವೆಂದು ತಲೆಯಾಡಿಸುತ್ತಾರೆ. "ಅವಳು ಹೇಳಿದ್ದು ಲೆಕ್ಕಕ್ಕಿಲ್ಲ. ಮಣ್ಣು ಮುಚ್ಚೋ ಮೊದ್ಲು ಮನೆಯೋರು ಬಂದು ಬಗ್ಗಿ ನೋಡ್ಬೇಕು. ಒಂದೇ ಒಂದ್ಸಲ. ಅವಳು ಪಕ್ಕದಲ್ಲೇ ನಿಂತಿರ್ಬೇಕು."